ತಡವಾಗಿ ಮುಟ್ಟಿದ ಅಳು

ಗಾಳಿ ದನಿ ಹೊರುವುದನ್ನು ಬಿಟ್ಟು ನಲವತ್ತು ವರ್ಷವಾಗಿತ್ತು. ಈಗ ಯಾರು ಬಾಯಿ ಬಿಟ್ಟರೂ ದನಿ ಮೊದಲು ಹತ್ತಿರದ ಕಂಬಕ್ಕೆ ಹೋಗಿ, ಅಲ್ಲಿಂದ ಕೇಳುವವರ ಕಿವಿಗೆ ಬರಬೇಕು. ಕಂಬದಲ್ಲಿ ಹೆಸರು ಬರೆಸದವರ ದನಿ ಯಾರಿಗೂ ಕೇಳದು.

ಹೆರಿಗೆ ವಾರ್ಡಿನಲ್ಲಿ ಎಚ್ಚರವಾದ ನೀಲವ್ವ, ತನ್ನ ತಾಯಿಯ ಮಡಿಲಲ್ಲಿ ಸದ್ದಿಲ್ಲದೆ ಮಲಗಿದ್ದ ತನ್ನ ಕೂಸನ್ನು ಕಂಡು ಗಾಬರಿಯಾದಳು. “ಯವ್ವಾ, ಅತ್ತೈತೇನ ಇದು?”

“ಬಾಯಿ ಅಗಲಿಸಿ ಅತ್ತೈತಿ. ನಾ ಕಣ್ಣಾರೆ ಕಂಡೇನಿ,” ಎಂದಳು ತಾಯಿ ಬಸಲಿಂಗವ್ವ.

ನೀಲವ್ವ ನಂಬಲಿಲ್ಲ. ಹೋದ ಸಲದ ಕೂಸು ಅಳದೆಯೇ ಹೋಗಿತ್ತು. ಆಗಲೂ ತಾಯಿ ಹೀಗೆಯೇ ಸಮಾಧಾನ ಹೇಳಿದ್ದಳು.

ನರ್ಸ್ ಶಮೀಮಾ ವಾರ್ಡಿನ ಕಂಬದ ಮುಂದೆ ನಿಂತು ಕೇಳಿದಳು, “ಹೆಸರು ಹೇಳ್ರಿ ಅಜ್ಜಿ, ಬರಕೋತೀನಿ.”

“ಹದಿಮೂರನೇ ದಿನ ತೊಟ್ಲಾಗ ಹಾಕೂತನಕ ನಮ್ಮಾಗ ಹೆಸರ ಇಡಂಗಿಲ್ರೀ.”

“ಹಂಗಾದ್ರ ಹದಿಮೂರು ದಿನ ಇದು ಎಷ್ಟ ಅತ್ರೂ ನಿಮಗ ಕೇಳಂಗಿಲ್ಲ.”

ಬಸಲಿಂಗವ್ವ ಮಗಳ ಮುಖ ನೋಡಿದಳು. “ತಿಪ್ಪವ್ವ ಅಂತ ಬರಕೋ ಯವ್ವಾ. ಚಲೋ ಹೆಸರು ಆಮ್ಯಾಲ ಇಡ್ತೀವಿ.”

ಕಂಬದ ಹಸಿರು ದೀಪ ಹತ್ತಿತು. ಹೆಸರಿಲ್ಲದ ದನಿಯನ್ನೂ ಕಂಬ ಒಂದು ದಿನ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಹೆಸರು ಸಿಕ್ಕೊಡನೆ ಮೊದಲಿನಿಂದ ಒಪ್ಪಿಸುತ್ತದೆ.

ಕೂಸು ಮುಷ್ಟಿ ಬಿಗಿದು ನಿದ್ದೆ ಹೊಡೆಯುತ್ತಿತ್ತು. ತುಟಿ ಕೂಡ ಅಲುಗಲಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಅದು ಅತ್ತ ಮೊದಲ ಅಳು ಈಗ ಬಂದು, ಕಿವಿ ಗಡಚಿಕ್ಕುವಂತೆ ವಾರ್ಡನ್ನೆಲ್ಲ ತುಂಬಿತು.

ಶಮೀಮಾ ಕಂಬದ ದನಿ ತಗ್ಗಿಸಲು ಕೈ ಎತ್ತಿದಳು.

“ಬ್ಯಾಡ್ರಿ ಸಿಸ್ಟರ್,” ನೀಲವ್ವ ನಗುತ್ತ ಕಣ್ಣೊರೆಸಿಕೊಂಡಳು. “ಪೂರ್ತಿ ಅಳ್ಲಿ.”