ನೀಲಿಮೊಟ್ಟೆಯ ಎಡೆ

ಕಂದಾಯ ನಿರೀಕ್ಷಕ ಸಿದ್ದರಾಜು ಜೀಪಿನಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುವ ಮೊದಲೇ ಅವರನ್ನು ಹೋಂಸ್ಟೇ ನಡೆಸುವ ಪ್ರಜ್ಞೇಶ್ ಬೋರ್ಡಿನ ಮುಂದೆ ತಂದು ನಿಲ್ಲಿಸಿದ. 'ಶ್ರೀ ನೀಲಕಂಠಗಿರಿ, ಪುರಾತನ ಪುಣ್ಯಕ್ಷೇತ್ರ' ಎಂದು ಹಳದಿ ಬಣ್ಣದಲ್ಲಿ ಬರೆದಿತ್ತು. 'ಪುರಾತನ' ಎಂಬ ಪದ ಇನ್ನೂ ಒಣಗಿರಲಿಲ್ಲ. ಸಿದ್ದರಾಜು ಅದನ್ನು ಮುಟ್ಟಿ ನೋಡಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

ಕರಿಕೆ ಕಡೆಯ ಜನ ಆ ಗುಡ್ಡವನ್ನು ನೀಲಿಮೊಟ್ಟೆ ಎನ್ನುತ್ತಾರೆ. ಮೊಟ್ಟೆ ಎಂದರೆ ಅಲ್ಲಿ ಗುಡ್ಡ. ಹೊರಗಿನವರು ಒಂದೆರಡು ದಿನ ನಗುತ್ತಾರೆ, ಆಮೇಲೆ ಒಗ್ಗಿಹೋಗುತ್ತದೆ. ತಕರಾರಿದ್ದದ್ದು ನೀಲಿಯ ಬಗ್ಗೆ. ಗುಡ್ಡದ ಬುಡದ ಅರ್ಧ ಎಕರೆಯಲ್ಲಿ ಮನೆ ಕಟ್ಟಿಕೊಂಡಿದ್ದ ಚೋಮಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದಳು. ಮೂರು ತಲೆಮಾರಿನಿಂದ ತಾವು ಅಲ್ಲೇ ಇದ್ದೇವೆ ಎನ್ನಲು ಅವಳ ಬಳಿ ಒಂದು ಚೂರು ಕಾಗದ ಇರಲಿಲ್ಲ. ಇದ್ದದ್ದು ಗುಡ್ಡದ ಹೆಸರೊಂದೇ. ನೀಲಿ ನಮ್ಮ ಅಜ್ಜಿ ಎಂದಿದ್ದಳು.

ಪ್ರಜ್ಞೇಶನಿಗೆ ಅದೇ ಅರ್ಧ ಎಕರೆಯಲ್ಲಿ ಹೋಂಸ್ಟೇಯ ಹೊಸ ಕಾಟೇಜು ಬರಬೇಕಿತ್ತು. ಹೆಸರಿನ ಮೂಲ ಹುಡುಕುವುದರಲ್ಲಿ ಅವನದು ಪಳಗಿದ ಕೈ. ಮೊದಲ ಎರಡು ವರ್ಷ ಅತಿಥಿಗಳಿಗೆ ನೀಲಿ ಹೂವಿನ ಕಥೆ ಹೇಳಿದ. ಹೂವೆಲ್ಲಿ ಎಂದವರಿಗೆ ಹನ್ನೆರಡು ವರ್ಷ ಬಿಟ್ಟು ಬನ್ನಿ ಎಂದ. ಆಮೇಲೆ ನೀಲವೇಣಿ ಎಂಬ ರಾಜಕುಮಾರಿ ಬಂದಳು. ಚೋಮಿ ಅರ್ಜಿ ಹಾಕಿದ ತಿಂಗಳೇ ಸಾಕ್ಷಾತ್ ನೀಲಕಂಠನೇ ಬಂದ. ಬರಬಾರದವಳು ನೀಲಿ ಒಬ್ಬಳೇ. ಪ್ರಜ್ಞೇಶನ ತಾಯಿಯ ಹೆಸರು ನೀಲಾವತಿ. ಅವಳನ್ನು ಯಾರಾದರೂ ನೀಲಿ ಎಂದು ಕರೆದಿದ್ದರೆ ಆ ಮನೆಯಲ್ಲಿ ಅವರಿಗೆ ಮತ್ತೆ ಕಾಫಿ ಸಿಗುತ್ತಿರಲಿಲ್ಲ. ನೀಲಾವತಿ ಎಂದರೆ ಮನೆಯೊಡತಿ, ನೀಲಿ ಎಂದರೆ ತೋಟದ ಲೈನ್‌ಮನೆಯ ಆಳು. ಎರಡಕ್ಷರ ಕಡಿಮೆಯಾದರೆ ಜಾತಿಯೇ ಬೇರೆ.

"ನೀಲ ಅನ್ನೋದು ಸಂಸ್ಕೃತ ಸಾರ್. ನೀಲಕಂಠ, ನೀಲಮೇಘ, ನೀಲಗಿರಿ, ಎಲ್ಲದಕ್ಕೂ ಅದೇ ಬೇರು," ಎಂದು ಪ್ರಜ್ಞೇಶ್ ವಿವರಿಸಿದ.

"ನೀಲಗಿರಿ ಎಣ್ಣೆಗೂನಾ?" ಎಂದರು ಸಿದ್ದರಾಜು. ಅವರಿಗೆ ನೆಗಡಿಯಾಗಿತ್ತು.

ಅಷ್ಟರಲ್ಲಿ ಪ್ರಜ್ಞೇಶ್ ಯಾವುದಕ್ಕೆ ಹೆದರಿದ್ದನೋ ಅದು ತೋಟದ ದಾರಿಯಲ್ಲಿ ಬಂತು. ಮುಂದೆ ಬಾಳೆಲೆ ಹಿಡಿದ ಅವನ ಅಪ್ಪ ಕುಟ್ಟಪ್ಪ, ಹಿಂದೆ ಹೆಗಲ ಮೇಲೆ ಚೀಲ ಹಾಕಿಕೊಂಡ ಮೂವತ್ತು ಜನ ಆಳುಗಳು. ಅಂದು ಕಾಫಿ ಪಿಕ್ಕಿಂಗಿನ ಮೊದಲ ದಿನ. ಒಂದು ದಿನ ಮುಂದೂಡಿ ಎಂದು ಮಗ ಎರಡು ದಿನ ಗೋಗರೆದಿದ್ದ. ಹಣ್ಣು ಉದುರುತ್ತಿದೆ, ನಿನ್ನ ಆಫೀಸರಿಗೆ ಮುಂದೂಡಲು ಹೇಳು ಎಂದು ಕುಟ್ಟಪ್ಪ ಮಾತು ಮುಗಿಸಿದ್ದರು.

ಎಲೆಯಲ್ಲಿ ಏನು ಎಂದು ಸಿದ್ದರಾಜು ಕೇಳಿದರು.

"ಪ್ರಸಾದ ಸಾರ್," ಎಂದ ಪ್ರಜ್ಞೇಶ್.

ನೆಗಡಿಯ ಮೂಗಿಗೂ ವಾಸನೆ ಬಡಿದಿತ್ತು. "ನೀಲಕಂಠನಿಗೆ ನಾಟಿಕೋಳಿ ಸಾರಾ?"

"ಸಾರಾಯಿನೂ ಉಂಟು," ಎಂದು ಕುಟ್ಟಪ್ಪ ಅಂಗಿಯ ಜೇಬು ತಟ್ಟಿ ತೋರಿಸಿದರು.

ಬೋರ್ಡಿನ ಹಿಂದೆ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಬೋರ್ಡು ಅಷ್ಟು ಅಗಲವಾಗಿದ್ದದ್ದೇ ಅದು ಕಾಣಬಾರದೆಂದು. ಕುಟ್ಟಪ್ಪ ಎಲೆಯನ್ನು ಕಲ್ಲಿನ ಮುಂದಿಟ್ಟು, ಸಾರಾಯಿ ಸುರಿದು, ಹೊಗೆಸೊಪ್ಪು ಇಟ್ಟು, ನೀಲಿ, ತಗೊ, ಏಣಿ ಹತ್ತಿದವರನ್ನು ಬೀಳಿಸಬೇಡ ಎಂದು ಪ್ರತಿ ವರ್ಷದ ಹಾಗೆ ಬೇಡಿಕೊಂಡರು. ಅವರ ಅಪ್ಪನ ಕಾಲದಲ್ಲಿ ಆ ಗುಡ್ಡದ ಕಾಡು ಕಡಿದು ಕಾಫಿ ಗಿಡ ನೆಟ್ಟವಳು ನೀಲಿ. ಅಲ್ಲೇ ಮರ ಬಿದ್ದು ಸತ್ತಳು. ಮರುವರ್ಷ ಏಣಿಯಿಂದ ಇಬ್ಬರು ಬಿದ್ದ ಮೇಲೆ ಈ ಎಡೆ ಶುರುವಾಯಿತು. ಬದುಕಿದ್ದಾಗ ಅವಳಿಗೆ ಯಾರೂ ಹೆದರಿರಲಿಲ್ಲ.

ಎಡೆಗೆ ಒಂದು ಕಟ್ಟಳೆ ಇತ್ತು. ಸತ್ತವಳ ಕಡೆಯವರು ಮೊದಲ ತುತ್ತು ತಿಂದರೆ ಮಾತ್ರ ಅವಳು ಒಪ್ಪಿದ ಹಾಗೆ. ಅಲ್ಲಿಯವರೆಗೆ ಯಾವ ಆಳೂ ಒಂದು ಹಣ್ಣು ಮುಟ್ಟುವುದಿಲ್ಲ.

"ಚೋಮಿ, ಬಾ, ಬಾಯಿಗೆ ಹಾಕ್," ಎಂದು ಕುಟ್ಟಪ್ಪ ಕರೆದರು.

ಚೋಮಿ ಆಳುಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಲ್ಲೇ ನಿಂತಿದ್ದಳು. "ಈ ವರ್ಷ ನಂಗೆ ಬೇಡ ಸಾವ್ಕಾರ್ರೆ. ಬೋರ್ಡು ಓದಿಸಿ ಕೇಳ್ದೆ. ಅದ್ರಲ್ಲಿ ಹೆಸ್ರು ಇರೋರ ಕಡೆಯವ್ರನ್ನ ಕರೀರಿ. ಅವ್ರೇ ತಿನ್ಲಿ."

ಮೂವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಚೀಲ ಕೆಳಗೆ ಹಾಸಿ ಅದರ ಮೇಲೆ ಕುಳಿತರು. ಇಬ್ಬರು ಎಲೆಅಡಿಕೆ ಬಿಚ್ಚಿದರು.

ಪ್ರಜ್ಞೇಶ್ ವಾಚು ನೋಡಿದ, ಕೆಂಪಾಗಿ ಬಾಗಿದ್ದ ರೊಬಸ್ಟಾ ಕಾಫಿ ಗಿಡಗಳನ್ನು ನೋಡಿದ. ಅವನು ಪ್ರಾಯೋಗಿಕ ಮನುಷ್ಯ. ಒಂದು ತುತ್ತು ತಾನೇ, ನಾನೇ ತಿನ್ನುತ್ತೇನೆ ಎನ್ನುತ್ತ ಬಗ್ಗಿ ಎಲೆಗೆ ಕೈ ಹಾಕಿದ. ಕುಟ್ಟಪ್ಪ ಆ ಕೈಯನ್ನು ಅರ್ಧದಲ್ಲೇ ಹಿಡಿದರು.

"ನೀನು ಯಾವಾಗ ನೀಲಿಯ ಮೊಮ್ಮಗ ಆದೆ?"

ಸಿದ್ದರಾಜು ಪೆನ್ನಿನ ಕ್ಯಾಪು ತೆಗೆದಿದ್ದರು. "ಯಾರ ಹೆಸರು ಅಂತ ಬರ್ಕೊಳ್ಳಲಿ ಹೇಳಿ ಯಜಮಾನರೇ. ನಾನು ಬಂದದ್ದೇ ಅದಕ್ಕೆ."

ಪಕ್ಕದ ಗಿಡದಿಂದ ಎರಡು ಹಣ್ಣು ತರಗೆಲೆಯ ಮೇಲೆ ಬಿದ್ದವು. ಕುಟ್ಟಪ್ಪ ಆ ಹಣ್ಣುಗಳನ್ನು ನೋಡಿದರು, ಆರುತ್ತಿದ್ದ ಕೋಳಿಸಾರನ್ನು ನೋಡಿದರು, ಮಗನ ಕೈ ಬಿಟ್ಟರು.

"ಹೋಗ್ ಮಗ, ಕೈಲಾಸಕ್ಕೆ ಒಂದು ಫೋನ್ ಮಾಡ್. ಅಲ್ಲಿಂದ ಯಾರಾದರೂ ಈಗಲೇ ಕೋಳಿ ತಿನ್ನಲು ಬರುವುದಾದರೆ ಬೋರ್ಡ್ ಇರಲಿ."