ದ್ವೀಪದ ಸ್ಥಾನಮಾನ

ಪೂಜಾರಿ ವರ ಕೊಟ್ಟರೂ ದೇವರು ಸಹಿ ಹಾಕಬೇಕು ಎಂಬ ಕಚೇರಿ ಗಾದೆಗೆ ಸಾಕ್ಷಿಯಾದ ಈ ಕಥೆ ಸತ್ಯ, ವಿಶ್ವಕೋಶದಾಣೆ.

ವಿಶ್ವಕೋಶದ ಸಂಪಾದಕ ಗುರುಸಿದ್ಧಪ್ಪನವರು ಬೆಳಗಿನಿಂದ ಒಂದೇ ಸಾಲಿಗೆ ಒದ್ದಾಡುತ್ತಿದ್ದರು. ಒಂದು ದ್ವೀಪದ ರಾಜಕೀಯ ಸ್ಥಾನಮಾನ ಬರೆಯಬೇಕಿತ್ತು. ಅದಕ್ಕೆ ಸ್ವಂತ ಬಾವುಟವಿದೆ, ಶಾಸನಸಭೆಯೂ ಇದೆ. ಸೈನ್ಯ ಮಾತ್ರ ದೊಡ್ಡ ದೇಶದ್ದು. ಅದನ್ನು ದೇಶವೆನ್ನಬೇಕೋ, ಪ್ರಾಂತ್ಯವೆನ್ನಬೇಕೋ? ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕು. ತಪ್ಪಾದರೆ ಅವರ ಬಡ್ತಿಗೇ ಕುತ್ತು.

ಅಷ್ಟರಲ್ಲಿ ಮೇಜಿನ ಫೋನ್ ರಿಂಗಾಯಿತು. ನಿರ್ದೇಶಕರ ಗೊಗ್ಗರು ದನಿ.

"ಏನ್ರೀ, ಇನ್ನೂ ಆಗ್ಲಿಲ್ವಾ? ನೀವು ಸಂಪಾದಕರು, ನಿಮಗೆ ಪೂರ್ಣ ಸ್ವಾತಂತ್ರ್ಯ ಇದೆ. ಆದ್ರೆ ನನ್ನ ಕೇಳ್ದೆ ಒಂದಕ್ಷರ ಬರೀಬೇಡಿ."

"ಆಗ್ಲಿ ಸಾರ್" ಎಂದ ಗುರುಸಿದ್ಧಪ್ಪನವರಿಗೆ ಬೇಕಾದ ಸಾಲು ಸಿಕ್ಕೇಬಿಟ್ಟಿತು. ದ್ವೀಪದ ಹೆಸರಿನ ಮುಂದೆ ಬರೆದರು: "ಪೂರ್ಣ ಸ್ವಾತಂತ್ರ್ಯವಿದೆ, ಕೇಳದೆ ಏನೂ ಮಾಡುವಂತಿಲ್ಲ."

ಪಕ್ಕದ ಕೋಣೆಯಿಂದ ಉಪಸಂಪಾದಕ ತಿಪ್ಪೇಶ ಓಡಿಬಂದ. "ಸಾರ್, ಫೋನಲ್ಲಿ ಸಾಹೇಬ್ರ ದನಿ ಮಾಡಿದ್ದು ನಾನು!"

ಕಚೇರಿಯೆಲ್ಲ ಗೊಳ್ಳೆಂದು ನಕ್ಕಿತು. ಗುರುಸಿದ್ಧಪ್ಪನವರ ಮುಖದ ಗಂಟು ಮಾತ್ರ ಸಡಿಲಾಗಲಿಲ್ಲ.

"ನಿಜವಾದ ಸಾಹೇಬ್ರು ನಗ್ತಿದ್ದಾರೇನಪ್ಪಾ?"

ತಿಪ್ಪೇಶ ನಿರ್ದೇಶಕರ ಗಾಜಿನ ಬಾಗಿಲಲ್ಲಿ ಇಣುಕಿದ. "ಎಲ್ಲಾ ಕೇಳಿಸ್ಕೊಂಡು ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ ಸಾರ್."

ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ಗುರುಸಿದ್ಧಪ್ಪನವರು.