ಲೈನ್ ಕ್ಲಿಯರ್

"ನಂಜಪ್ಪ ಮಾಡಿದ್ದು ಮಹಾಪಾಪ, ಫಾದರ್," ಅಂದ ಚೌರಪ್ಪ. ಹಾಸನದ ಚರ್ಚಿನಲ್ಲಿ ಪಾಪನಿವೇದನೆಗೆಂದು ಅವನು ಮೊಣಕಾಲೂರಿ ಆಗಲೇ ಹತ್ತು ನಿಮಿಷವಾಗಿತ್ತು.

ಜಾಲರಿಯ ಆಚೆ ಫಾದರ್ ಇನ್ನಾಸಪ್ಪನವರು ಕೆಮ್ಮಿದರು. "ನಂಜಪ್ಪನವರು ಹೊರಗೆ ಸಾಲಿನಲ್ಲಿ ನಿಂತಿದ್ದಾರಾ?"

"ಇಲ್ಲ ಫಾದರ್. ಅವರು ನಮ್ಮ ಮತದೋರಲ್ಲ."

"ಹಾಗಾದರೆ ಅವರ ಪಾಪ ಬಿಡಿ. ನಿಮ್ಮದು ಹೇಳಿ."

ಚೌರಪ್ಪ ಕರೆಂಟಿನ ಲೈನ್‌ಮನ್. ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಹರದನಹಳ್ಳಿಯಲ್ಲಿ ಕಂಬ ಹತ್ತಿದ ಜೊತೆಗಾರ ಬಸವೇಶನಿಗೆ ಕರೆಂಟ್ ಹೊಡೆದು, ಬಲಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು. ಕಂಬ ಹತ್ತುವ ಮುಂಚೆ ಕರೆಂಟಿನ ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ತೆಗೆಸಬೇಕು. ಅದಕ್ಕೆ ಲೈನ್ ಕ್ಲಿಯರ್ ತಗೊಳ್ಳೋದು ಅನ್ನುತ್ತಾರೆ. ತಾನು ತಗೊಂಡಿದ್ದೆ, ಆಪರೇಟರ್ ನಂಜಪ್ಪ ಕರೆಂಟ್ ತೆಗೆದಿರಲಿಲ್ಲ ಎಂದು ಚೌರಪ್ಪ ವಿಚಾರಣೆಯಲ್ಲಿ ಹೇಳಿದ್ದ. ಫೋನೇ ಬಂದಿರಲಿಲ್ಲ ಎಂದು ನಂಜಪ್ಪ ಬಡಕೊಂಡ. ಬಂದ ಫೋನನ್ನು ರಿಜಿಸ್ಟರಿನಲ್ಲಿ ಬರೆದಿಲ್ಲ ಎಂಬ ಇನ್ನೊಂದು ತಪ್ಪೂ ಅವನ ತಲೆಗೇ ಬಂತು. ಸಸ್ಪೆಂಡ್ ಮಾಡಿ, ಆಮೇಲೆ ದೂರದ ಊರಿಗೆ ಎತ್ತಿಹಾಕಿದರು.

ಅಂದಿನಿಂದ ಕಂಬ ಕಂಡರೆ ಚೌರಪ್ಪನ ಕೈ ನಡುಗುತ್ತಿತ್ತು. ಇಲಾಖೆ ಕೊಟ್ಟ ಗ್ಲೌಸು ಸರಿಯಿಲ್ಲ ಅಂದ. ಡಾಕ್ಟರಿಗೆ ಏನೂ ಬರುವುದಿಲ್ಲ ಅಂದ. ಹೆಂಡತಿ ಲೂರ್ದಮ್ಮ ಕಾಫಿಗೆ ಡಿಕಾಕ್ಷನ್ ಜಾಸ್ತಿ ಹಾಕುತ್ತಾಳೆ ಅಂದ. ಕಾಫಿ ಬಿಟ್ಟು ಹಾಲು ಕುಡಿದರೂ ನಡುಕ ಹೋಗಲಿಲ್ಲ. ಫಾದರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ನಿಂತೀತು ಎಂದು ಬಂದಿದ್ದ.

ಫಾದರ್ ಕಾಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಬೆಂಚು ಎಳೆದರು.

"ನಾನು ಫೋನ್ ಮಾಡಿರಲಿಲ್ಲ, ಫಾದರ್. ಲೋಡ್‌ಶೆಡ್ಡಿಂಗ್ ಟೈಮು, ಕರೆಂಟ್ ಎಲ್ಲಿರ್ತದೆ ಅಂದ್ಕೊಂಡೆ. ಫೋನಿರೋ ಅಂಗಡಿಗೆ ಅರ್ಧ ಮೈಲಿ ನಡೀಬೇಕಿತ್ತು. ಮರದ ಹಿಂದೆ ಒಂದು ಬೀಡಿ ಸೇದ್ಬುಟ್ಟು ಬಂದು, 'ಆಯ್ತು, ಹತ್ತಪ್ಪ' ಅಂದೆ."

"ಹೂಂ," ಅಂದರು ಫಾದರ್. "ದೇವರು ಕ್ಷಮಿಸುತ್ತಾನೆ. ಆದರೆ ನಂಜಪ್ಪನವರ ಮೇಲೆ ಹೊರಿಸಿದ್ದನ್ನು ಇಳಿಸಬೇಕಾದವರು ನೀವೇ. ಆಫೀಸಿಗೆ ಬರೆದುಕೊಡಿ."

"ಕೈ ನಡುಗ್ತದೆ, ಫಾದರ್."

"ನಡುಗೋ ಕೈಯಲ್ಲೇ ಬರೀರಿ. ಪ್ರಾರ್ಥನೆ ಮಾಡಿ ಕೂತ್ಕೊಳ್ಳಿ. ದೇವರು ಪಕ್ಕದಲ್ಲಿ ಇರ್ತಾನೆ. ಪೆನ್ನು ಮಾತ್ರ ನೀವೇ ಹಿಡೀಬೇಕು."

ಭಾನುವಾರ ಚರ್ಚಿನ ಪೂಜೆಯಲ್ಲಿ ಎಲ್ಲರೂ 'ನನ್ನ ಪಾಪವೇ, ನನ್ನ ಮಹಾಪಾಪವೇ' ಎಂದು ಎದೆ ಬಡಿದುಕೊಂಡು ತಪ್ಪೊಪ್ಪುವಾಗ ಚೌರಪ್ಪನೂ ಬಡಿದುಕೊಂಡ. ನಲವತ್ತು ವರ್ಷದಿಂದ ಹೇಳುತ್ತಿದ್ದ ಆ ಮಾತಿಗೆ ಅರ್ಥವಿದೆಯೆಂದು ಅಂದು ಗೊತ್ತಾಯಿತು. ಮನೆಗೆ ಬಂದು, ಜಪಸರ ಮುಗಿಸಿ, ಮೂರು ಹಾಳೆ ಹಾಳುಮಾಡಿ ನಾಲ್ಕನೆಯದರಲ್ಲಿ ಬರೆದ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಎಂಜಿನಿಯರು ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಕೆಲಸ ಹೋಗುತ್ತೆ ಕಣಯ್ಯ. ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ ಸಾ. ಎಲ್ಲಾ ನಂದೇ."

ಅಲ್ಲಿಂದ ಬಸ್ಸು ಹತ್ತಿ ಬಸವೇಶನ ಊರಾದ ಮೊಸಳೆಗೆ ಹೋದ. ಬಸವೇಶ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಎರಡು ವರ್ಷದಿಂದ ಚೌರಪ್ಪ ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ನಿಂತೇ ಎಲ್ಲಾ ಹೇಳಿದ. ಬೀಡಿಯನ್ನೂ ಬಿಡಲಿಲ್ಲ.

ಬಸವೇಶ ಇನ್ನೆರಡು ಕಾಯಿ ಸುಲಿದ.

"ನಂಗೇಳಿದ್ದಾಯ್ತು. ನಮ್ಮವ್ವಂಗೂ ಏಳು," ಅಂದ. "ಸೋಮವಾರ ಸೋಮವಾರ ಈಶ್ವರನ ಗುಡಿಗೆ ಓಗಿ, ನಂಜಪ್ಪನ ಎಸ್ರು ಇಡ್ಕೊಂಡು ಇಡಿಶಾಪ ಆಕಿ ಬತ್ತಾಳೆ. ಎರಡು ವರ್ಷದಲ್ಲಿ ಒಂದು ವಾರ ತಪ್ಸಿಲ್ಲ. ಈಗ್ಲೂ ಒಂಟವ್ಳೆ. ಎಸ್ರು ಬದಲಾಯ್ಸ್ಕೊ ಅಂತ ಏಳು ಓಗು."

ಚೌರಪ್ಪ ಒಂದು ಗಳಿಗೆ ರಸ್ತೆಯ ಕಡೆ ನೋಡಿದ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಚಪ್ಪಲಿ ಬಿಟ್ಟು ಹೊಸಿಲಿಗೆ ಹೋದ. ಹಣ್ಣುಕಾಯಿಯ ಬುಟ್ಟಿ ಹಿಡಿದು ಶಿವಗಂಗಮ್ಮ ಎದುರಿಗೇ ಬರುತ್ತಿದ್ದಳು.

"ನಂಜಪ್ಪ ಅಲ್ಲ ಕಣವ್ವ, ಫೋನ್ ಮಾಡ್ದೇ ನಿನ್ನ ಮಗನ್ನ ಕಂಬ ಹತ್ತಿಸಿದೋನು ನಾನು. ಚೌರಪ್ಪ."

ಮುದುಕಿಗೆ ಕಿವಿ ಮಂದ. ಬುಟ್ಟಿಯನ್ನು ಕೆಳಗಿಟ್ಟು, ಕಿವಿಯ ಹಿಂದೆ ಕೈಯಿಟ್ಟುಕೊಂಡಳು. "ಯಾರು? ಗಟ್ಟಿಯಾಗಿ ಏಳಪ್ಪ."

ಚೌರಪ್ಪ ಬೀದಿಗೆಲ್ಲ ಕೇಳುವಂತೆ, ಅಪ್ಪನ ಹೆಸರೂ ಸೇರಿಸಿ, ಹೇಳಿದ.